ಅಂಕ ಇದ್ದಷ್ಟು ಕಾಲು ಚಾಚು

"ಪೇಜು ತುಂಬಿಸು, ಮಾರ್ಕ್ಸು ತಾನಾಗೇ ಬೀಳುತ್ತೆ."

ನಮ್ಮ ಚಿತ್ರದುರ್ಗ ಸೀಮೆಯಲ್ಲಿ ಓದೋ ಮಕ್ಕಳಿಗೆ ಬಿಟ್ಟಿಯಾಗಿ ಸಿಗುವ ಸಲಹೆಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಏಳನೇ ಕ್ಲಾಸಿನ ಸಮಾಜ ವಿಜ್ಞಾನದಿಂದ ಶುರು. ಪರೀಕ್ಷೆ ಮುಗಿಸಿ ಹೊರಗೆ ಬಂದ ಹುಡುಗನನ್ನು ಯಾರೂ "ಏನು ಬರೆದೆ" ಅಂತ ಕೇಳಲ್ಲ. "ಎಷ್ಟು ಅಡಿಷನಲ್ ಶೀಟ್ ತಗೊಂಡೆ" ಅಂತ ಕೇಳ್ತಾರೆ. ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ನಮ್ಮ ಮಕ್ಕಳ ಉತ್ತರ ಪತ್ರಿಕೆ ಮಾತ್ರ ಪ್ರತಿ ಪರೀಕ್ಷೆಗೂ ಕೋಡಿ ಬೀಳುತ್ತೆ.

ಈ ಸಲಹೆ ಹೈಸ್ಕೂಲಿನಲ್ಲೇ ಉಳಿದಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಅದು ಎಂಬಿಬಿಎಸ್ ಕೊನೇ ವರ್ಷದ ಜನರಲ್ ಸರ್ಜರಿ ಪೇಪರ್ ತನಕ ಬಂದು ಕೂತಿದೆ. ಅಲ್ಲಿ ಅದರಿಂದ ಹೋಗೋದು ಬರೀ ಮಾರ್ಕ್ಸಲ್ಲ. ಅದಕ್ಕೇ ಈ ಜಗಳ.

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರಲ್ಲ. ಹೊಸದುರ್ಗ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಬೆಳೆದು, ಬಿಇ ಮಾಡಿ, ಬೆಂಗಳೂರಲ್ಲಿ ಸಾಫ್ಟ್‌ವೇರ್ ಬರೆಯೋನು. ನಮ್ಮ ಚಿಕ್ಕಪ್ಪನ ಮಗಳು ಬೇರೆ ಜಿಲ್ಲೆಯ ಕಾಲೇಜೊಂದರಲ್ಲಿ ಎಂಬಿಬಿಎಸ್ ಕೊನೇ ವರ್ಷ. ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ. ಮನೆಯಲ್ಲಿ ಇವಳ ಮುಂಚೆ ಪಿಯುಸಿ ದಾಟಿದವನು ನಾನೊಬ್ಬನೇ. ಹಾಗಾಗಿ ಪರೀಕ್ಷೆ ಬಂತು ಅಂದರೆ ಫೋನು ನನಗೇ ಬರುತ್ತೆ. ಅವಳು ಗಡಿಯಾರ ಇಟ್ಟುಕೊಂಡು ಉತ್ತರ ಬರೆದು ವಾಟ್ಸಾಪಿನಲ್ಲಿ ಫೋಟೋ ಕಳಿಸುತ್ತಾಳೆ, ನಾನು ಸಾಲು ಎಣಿಸುತ್ತೇನೆ. ಬರೆದದ್ದು ಸರಿಯೋ ತಪ್ಪೋ ನೋಡೋಕೆ ಅವಳ ಮೇಷ್ಟ್ರುಗಳಿದ್ದಾರೆ, ಪುಸ್ತಕಗಳಿವೆ. ಯಾವುದಕ್ಕೆ ಎಷ್ಟು ಜಾಗ ಕೊಟ್ಟಿದ್ದಾಳೆ ಅಂತ ಎಣಿಸೋಕೆ ಡಾಕ್ಟರೇ ಆಗಬೇಕು ಅಂತೇನಿಲ್ಲವಲ್ಲ.

ನಾನು ಎಣಿಸಿದ ಮೊದಲ ಉತ್ತರ ಇದು. ಹತ್ತು ಅಂಕದ ಪ್ರಶ್ನೆ. ತೊಡೆಸಂದಿನ ಹರ್ನಿಯಾ ಸ್ಟ್ರಾಂಗ್ಯುಲೇಟ್ ಆದಾಗ ಲಕ್ಷಣಗಳೇನು, ಚಿಕಿತ್ಸೆ ಹೇಗೆ ಅಂತ ಕೇಳಿದ್ದಾರೆ. ಅವಳು ಬರೆದದ್ದು ನಾಲ್ಕು ಪುಟ, 84 ಸಾಲು. ಇಂಗ್ವೈನಲ್ ಕೆನಾಲಿನ ಅನಾಟಮಿಗೆ 31 ಸಾಲು, ಹರ್ನಿಯಾದಲ್ಲಿ ಎಷ್ಟು ವಿಧ ಅನ್ನೋದಕ್ಕೆ 22, ಯಾಕೆ ಬರುತ್ತೆ ಅನ್ನೋದಕ್ಕೆ 14. ಇದರ ಮೇಲೆ ಬಣ್ಣದ ಪೆನ್ಸಿಲ್ಲಿನಲ್ಲಿ ಹೆಸ್ಸೆಲ್‌ಬಾಕ್ ತ್ರಿಕೋನದ ಚಿತ್ರ. ಲಕ್ಷಣಕ್ಕೆ 9 ಸಾಲು, ಚಿಕಿತ್ಸೆಗೆ 8. ಅಂದರೆ 84ರಲ್ಲಿ ಕೇಳಿದ ಪ್ರಶ್ನೆಗೆ ಉತ್ತರವಾಗಿದ್ದು 17 ಸಾಲು. ನಮ್ಮೂರ ಕೋಟೆಯ ಹಾಗೆ ಏಳು ಸುತ್ತು ಕಟ್ಟಿ, ಚಿಕಿತ್ಸೆಯನ್ನು ಮೇಲುದುರ್ಗದಲ್ಲಿ ಬಚ್ಚಿಟ್ಟಿದ್ದಳು.

ಸ್ಟ್ರಾಂಗ್ಯುಲೇಟ್ ಅಂದರೆ ಏನು? ಹೊರಗೆ ಬಂದ ಕರುಳು ಸಿಕ್ಕಿಹಾಕಿಕೊಂಡು, ಅದಕ್ಕೆ ರಕ್ತ ಹೋಗೋದು ನಿಂತಿದೆ ಅಂತ. ಕೆಲವೇ ಗಂಟೆಗಳಲ್ಲಿ ಕರುಳು ಸಾಯುತ್ತೆ. ಅಲ್ಲಿ ಬೇಕಾದ್ದು ಬಾಯಿಗೆ ಏನೂ ಕೊಡದೆ, ಮೂಗಿನಿಂದ ಟ್ಯೂಬ್ ಇಳಿಸಿ, ಡ್ರಿಪ್ ಮತ್ತು ಆಂಟಿಬಯಾಟಿಕ್ ಶುರುಮಾಡಿ, ತಡಮಾಡದೆ ಆಪರೇಷನ್. ಗಂಟನ್ನು ಬಲವಂತವಾಗಿ ಒಳಗೆ ತಳ್ಳಬಾರದು. ಸತ್ತ ಕರುಳೇ ಹೊಟ್ಟೆಯೊಳಗೆ ಹೋದರೆ ಕಥೆ ಮುಗೀತು. ತೆರೆದು ನೋಡಿದಾಗ ಕರುಳಿನ ಬಣ್ಣ, ಚಲನೆ, ಅದಕ್ಕೆ ಹೋಗುವ ರಕ್ತನಾಳದ ಮಿಡಿತ ನೋಡಿ, ಬದುಕಿದೆಯೋ ಇಲ್ಲವೋ ತೀರ್ಮಾನಿಸಬೇಕು. ಬದುಕಿಲ್ಲದ ಭಾಗವನ್ನು ಕತ್ತರಿಸಿ ತೆಗೆಯಬೇಕು. ಇದೆಲ್ಲ ನನಗೆ ಫೋನಿನಲ್ಲಿ ಪಟಪಟ ಅಂತ ಹೇಳಿದ್ದು ಅವಳೇ.

"ಇಷ್ಟೆಲ್ಲ ಗೊತ್ತಲ್ಲ, ಮತ್ಯಾಕೆ ಬರೀಲಿಲ್ಲ?"

"ಅಷ್ಟೊತ್ತಿಗೆ ಟೈಮ್ ಆಗೋಯ್ತಣ್ಣ."

ಗೊತ್ತಿಲ್ಲದ್ದಕ್ಕೆ ಮಾರ್ಕ್ಸ್ ಹೋದರೆ ಅದು ನ್ಯಾಯ. ಗೊತ್ತಿದ್ದೂ ಹೋದರೆ, ಎಲ್ಲಿ ಎಷ್ಟು ಬರೆಯಬೇಕು ಅಂತ ಅವಳಿಗೆ ಯಾರೂ ಕಲಿಸಿಲ್ಲ ಅಂತ ಅರ್ಥ. ಹತ್ತು ವರ್ಷದಿಂದ ಕಲಿಸಿರೋದು ಅದರ ಉಲ್ಟಾ.

ಲೆಕ್ಕ ನೋಡೋಣ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಜನರಲ್ ಸರ್ಜರಿಗೆ ಎರಡು ಪೇಪರ್, ಒಂದೊಂದಕ್ಕೂ 100 ಅಂಕ, ಮೂರು ಗಂಟೆ. ಹತ್ತು ಅಂಕದ ಉದ್ದ ಪ್ರಶ್ನೆ ಎರಡೇ ಎರಡು. ಮಿಕ್ಕಿದ್ದು ಐದು ಅಂಕದವು, ಮೂರು ಅಂಕದವು, ಇತ್ತೀಚೆಗೆ ಒಂದಷ್ಟು ಬಹು ಆಯ್ಕೆಯವು. ಅಂದರೆ ಉದ್ದ ಪ್ರಶ್ನೆಗಳಲ್ಲಿರೋದು ಬರೀ 20 ಅಂಕ, ಉಳಿದ 80 ಇರೋದು ಸಣ್ಣವುಗಳಲ್ಲಿ. ಪ್ರಶ್ನೆಪತ್ರಿಕೆಯ ತಲೆಯ ಮೇಲೇ, ಕೇಳಿದ್ದಕ್ಕೆ ಮಾತ್ರ ನಿರ್ದಿಷ್ಟವಾಗಿ ಉತ್ತರಿಸಿ ಅನ್ನೋ ಅರ್ಥದ ಸೂಚನೆಯೂ ಇರುತ್ತೆ. ಅದನ್ನು ಯಾರೂ ಓದಲ್ಲ.

180 ನಿಮಿಷದಲ್ಲಿ ಪ್ರಶ್ನೆ ಓದೋಕೆ 10, ಕೊನೇಲಿ ತಿರುಗಿ ನೋಡೋಕೆ 10 ತೆಗೆದಿಡಿ. ಉಳಿದದ್ದು 160. ಒಂದು ಅಂಕಕ್ಕೆ ಒಂದೂಮುಕ್ಕಾಲು ನಿಮಿಷವೂ ಇಲ್ಲ. ಹತ್ತು ಅಂಕಕ್ಕೆ 16 ನಿಮಿಷ, ಐದಕ್ಕೆ 8, ಮೂರಕ್ಕೆ 5 ನಿಮಿಷಕ್ಕಿಂತ ಒಂಚೂರು ಕಮ್ಮಿ. ನಮ್ಮ ಹುಡುಗಿ ಎರಡು ಉದ್ದ ಪ್ರಶ್ನೆಗೆ ತಗೊಂಡದ್ದು ಒಂದು ಗಂಟೆ ಹತ್ತು ನಿಮಿಷ. 20 ಅಂಕಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸಮಯ ಕೊಟ್ಟಮೇಲೆ, ಕೊನೆಯ ಮೂರು ಅಂಕದ ನಾಲ್ಕು ಪ್ರಶ್ನೆ ಖಾಲಿ ಬಿಡದೆ ಏನು ಮಾಡ್ತಾಳೆ? 12 ಅಂಕ, ಒಂದಕ್ಷರ ಬರೆಯದೆ ಹೋಯಿತು. ನಾಲ್ಕನೇ ಪುಟದ ಅನಾಟಮಿಯಿಂದ ಬಂದಿರಬಹುದಾದ್ದು ಹೆಚ್ಚೆಂದರೆ ಅರ್ಧ ಅಂಕ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋ ಗಾದೆಯನ್ನು ದುಡ್ಡಿನ ವಿಷಯಕ್ಕೆ ಬೇಕಾದಷ್ಟು ಸಲ ಹೇಳಿಸಿಕೊಂಡು ಬೆಳೆದವರು ನಾವು. ಉತ್ತರ ಬರೆಯೋಕೆ ಕೂತಾಗ ಯಾರೂ ಅದನ್ನು ನೆನಪಿಸಲ್ಲ.

ಇಷ್ಟು ಹೇಳಿದ ಕೂಡಲೇ ಒಂದು ಗುಂಪು ಮೂಗು ಮುರಿಯುತ್ತೆ. "ಇದೆಲ್ಲ ಮಾರ್ಕ್ಸ್ ಗಳಿಸೋ ಟ್ರಿಕ್ಕು ಗುರೂ. ನಿಜವಾದ ಸರ್ಜರಿ ಕಲಿಯೋದು ಪೇಷಂಟ್ ಪಕ್ಕ ನಿಂತು." ನನ್ನ ಜಗಳ ಮುಖ್ಯವಾಗಿ ಇವರ ಜೊತೆ. ಉತ್ತರದ ಅಳತೆ ಅನ್ನೋದು ಪೇಷಂಟಿನಿಂದ ದೂರದ ವಿಷಯ ಅಂತ ಇವರು ತಿಳಿದಿದ್ದಾರೆ. ಎರಡು ಪ್ರಶ್ನೆ ಉದಾಹರಣೆ ಕೊಡ್ತೀನಿ, ನೀವೇ ಹೇಳಿ.

ಮೊದಲನೆಯದು ಮೂರು ಅಂಕದ್ದು: ಟೆನ್ಷನ್ ನ್ಯೂಮೋಥೊರಾಕ್ಸ್. ಬೆಂಗಳೂರು–ಪುಣೆ ಹೆದ್ದಾರಿ, ನಂಬರ್ 48, ಹಿರಿಯೂರನ್ನು ಹಾದು ದುರ್ಗಕ್ಕೆ ಹೋಗುತ್ತೆ. ಆ ರಸ್ತೆಯಲ್ಲಿ ಬೈಕಿನಿಂದ ಬಿದ್ದು ಎದೆಗೆ ಪೆಟ್ಟಾದವನೊಬ್ಬನನ್ನು ನೆನೆಸಿಕೊಳ್ಳಿ. ಶ್ವಾಸಕೋಶದಿಂದ ಸೋರಿದ ಗಾಳಿ ಎದೆಗೂಡಿನೊಳಗೆ ಸೇರುತ್ತಲೇ ಹೋಗುತ್ತೆ, ಹೊರಗೆ ಬರೋಕೆ ದಾರಿ ಇರಲ್ಲ. ಆ ಒತ್ತಡಕ್ಕೆ ಹೃದಯಕ್ಕೆ ರಕ್ತ ವಾಪಸ್ ಬರೋದೇ ಕಷ್ಟವಾಗುತ್ತೆ. ಇದನ್ನು ಕಣ್ಣಲ್ಲಿ ನೋಡಿ, ಕೈಯಲ್ಲಿ ಮುಟ್ಟಿ, ಸ್ಟೆತ್ ಇಟ್ಟು ಕಂಡುಹಿಡಿಯಬೇಕು. ಎಕ್ಸ್‌ರೇಗೆ ಕಾಯಬಾರದು. ತಕ್ಷಣ ಸೂಜಿ ಚುಚ್ಚಿ ಗಾಳಿ ಬಿಡಬೇಕು, ಆಮೇಲೆ ಚೆಸ್ಟ್ ಟ್ಯೂಬ್. ಮೂರು ಅಂಕದ ಜೀವ ಇರೋದೇ ಈ "ಕಾಯಬಾರದು" ಅನ್ನೋದರಲ್ಲಿ. ನಮ್ಮ ಪುಟ ತುಂಬಿಸೋ ಪದ್ಧತಿಯಲ್ಲಿ ಏನಾಗುತ್ತೆ? ವ್ಯಾಖ್ಯಾನ, ವಿಧಗಳು, ಕಾರಣಗಳು, ತಪಾಸಣೆ ಅಂತ ಶೀರ್ಷಿಕೆ ಹಾಕಿ ಅದರ ಕೆಳಗೆ ನಂಬರ್ ಒನ್ ಎಕ್ಸ್‌ರೇ, ನಂಬರ್ ಟೂ ಸಿಟಿ ಸ್ಕ್ಯಾನ್. ಸೂಜಿಗೆ ಕೊನೆಯಲ್ಲಿ ಅರ್ಧ ಸಾಲು. ಎಲ್ಲ ವಾಕ್ಯವೂ ಸರಿ ಇರಬಹುದು, ಆದರೂ ಆ ಕ್ರಮದಲ್ಲೇ ನಡೆದರೆ ಬೈಕಿನವನು ಎಕ್ಸ್‌ರೇ ರೂಮಿನಲ್ಲಿ ಹೋಗಿಬಿಡ್ತಾನೆ.

ಎರಡನೆಯದು ಐದು ಅಂಕದ್ದು: ಸುಟ್ಟಗಾಯಕ್ಕೆ ಡ್ರಿಪ್ ಎಷ್ಟು ಕೊಡಬೇಕು. ಹೊಳಲ್ಕೆರೆ ಕಡೆ ಅಡಿಕೆ ಬೇಯಿಸೋ ಹಂಡೆ ನೋಡಿದವರಿಗೆ ಈ ಪ್ರಶ್ನೆ ಎಷ್ಟು ಹತ್ತಿರದ್ದು ಅಂತ ಬಿಡಿಸಿ ಹೇಳಬೇಕಿಲ್ಲ. ಪುಸ್ತಕದಲ್ಲಿ ಪಾರ್ಕ್‌ಲ್ಯಾಂಡ್ ಸೂತ್ರ ಇದೆ. ದೇಹದ ತೂಕ, ಸುಟ್ಟ ಭಾಗ ಶೇಕಡ ಎಷ್ಟು, ಎರಡನ್ನೂ ಗುಣಿಸಿ 4 ಮಿಲಿಯಿಂದ ಗುಣಿಸಿ. 60 ಕೆಜಿಯ ಮನುಷ್ಯ, ಶೇಕಡ 30 ಸುಟ್ಟಿದ್ದರೆ 7200 ಮಿಲಿ, 24 ಗಂಟೆಗೆ. ಅದರಲ್ಲಿ ಅರ್ಧ, 3600, ಮೊದಲ 8 ಗಂಟೆಯಲ್ಲಿ ಹೋಗಬೇಕು. ಇಲ್ಲಿ ಒಂದು ಸೂಕ್ಷ್ಮ ಇದೆ. ಆ 8 ಗಂಟೆ ಶುರುವಾಗೋದು ಸುಟ್ಟ ಹೊತ್ತಿನಿಂದ, ಆಸ್ಪತ್ರೆಗೆ ಬಂದ ಹೊತ್ತಿನಿಂದಲ್ಲ.

ಬೆಳಿಗ್ಗೆ 8ಕ್ಕೆ ತೋಟದಲ್ಲಿ ಆದದ್ದು, ಗಾಡಿ ಸಿಕ್ಕಿ, ಹೊಳಲ್ಕೆರೆ ದಾಟಿ ದುರ್ಗ ಮುಟ್ಟೋ ಹೊತ್ತಿಗೆ 11 ಅಂತಿಟ್ಟುಕೊಳ್ಳಿ. ದಾರಿಯಲ್ಲಿ ಡ್ರಿಪ್ ಹಾಕಿಲ್ಲ. ಈಗ ಉಳಿದಿರೋದು 5 ಗಂಟೆ. 3600ನ್ನು 5ರಿಂದ ಭಾಗಿಸಿ, ಗಂಟೆಗೆ 720 ಮಿಲಿ. ಬಂದ ಹೊತ್ತಿನಿಂದ ಲೆಕ್ಕ ಹಾಕಿದವನು ಕೊಡೋದು ಗಂಟೆಗೆ 450. ಇದು ಶುರುವಿನ ಅಂದಾಜು ಮಾತ್ರ, ಆಮೇಲೆ ಮೂತ್ರ ಎಷ್ಟು ಬರ್ತಿದೆ ನೋಡಿ ಹೆಚ್ಚು ಕಮ್ಮಿ ಮಾಡಬೇಕು. ಐದು ಅಂಕದ ಉತ್ತರ ಅಂದರೆ ಸೂತ್ರ, ಈ ಹೊತ್ತಿನ ಲೆಕ್ಕ, ಮೂತ್ರದ ನಿಗಾ, ಒಂದು ಸಣ್ಣ ಉದಾಹರಣೆ. ಎಂಟು ನಿಮಿಷಕ್ಕೆ ಆರಾಮಾಗಿ ಮುಗಿಯುತ್ತೆ. ಆದರೆ ನಾನು ನೋಡಿದ ಫೋಟೋದಲ್ಲಿ ಚರ್ಮದ ಪದರಗಳ ಚಿತ್ರವೇ ಮುಕ್ಕಾಲು ಪುಟ ಇತ್ತು. "ಸುಟ್ಟ ಹೊತ್ತಿನಿಂದ" ಅನ್ನೋ ಮಾತು ಎಲ್ಲೂ ಇರಲಿಲ್ಲ.

ದೂರದ ಊರುಗಳಿಗೆ ಈ ಎರಡು ಪದದ ಬೆಲೆ ಹೆಚ್ಚು. ಹಿರಿಯೂರಿನಿಂದ ದುರ್ಗಕ್ಕೆ ಸುಮಾರು 40 ಕಿಲೋಮೀಟರ್, ಹೊಸದುರ್ಗದಿಂದ ಅದಕ್ಕಿಂತಲೂ ದೂರ. ಪಕ್ಕದ ರಸ್ತೆಯಲ್ಲೇ ದೊಡ್ಡಾಸ್ಪತ್ರೆ ಇರೋ ಜಯನಗರದವನಿಗೆ ಸುಟ್ಟ ಹೊತ್ತಿಗೂ ಬಂದ ಹೊತ್ತಿಗೂ ಅರ್ಧ ಗಂಟೆ ವ್ಯತ್ಯಾಸ. ನಮ್ಮವರಿಗೆ ಅದೇ ಮೂರು ಗಂಟೆ.

ಹಾಗಾಗಿ "ಪೇಷಂಟ್ ಪಕ್ಕ ನಿಂತು ಕಲೀತಾರೆ ಬಿಡಿ" ಅನ್ನೋರಿಗೆ ಒಂದು ಮಾತು ಕೇಳಬೇಕಿದೆ. ಪೇಷಂಟ್ ಪಕ್ಕ ನಿಂತ ಡಾಕ್ಟರ್ ದಿನವಿಡೀ ಮಾಡೋ ಕೆಲಸದಲ್ಲಿ ಅರ್ಧ ಬರೆಯೋದೇ ಅಲ್ಲವಾ? ಕೇಸ್ ಶೀಟು, ಆಪರೇಷನ್ ನೋಟ್ಸು, ಡಿಸ್ಚಾರ್ಜ್ ಸಮ್ಮರಿ. ಎಲ್ಲಕ್ಕಿಂತ ಮುಖ್ಯವಾಗಿ ತಾಲ್ಲೂಕು ಆಸ್ಪತ್ರೆಯಿಂದ ಜಿಲ್ಲಾ ಆಸ್ಪತ್ರೆಗೆ ಕಳಿಸುವಾಗ ಬರೆಯೋ ರೆಫರಲ್ ಚೀಟಿ. ಆ ಚೀಟಿ ಸರಿಯಾಗಿ ಮೂರು ಅಂಕದ ಉತ್ತರದ ಅಳತೆಯದ್ದು. ಏನಾಯ್ತು, ಯಾವಾಗ ಆಯ್ತು, ಏನು ಕಂಡೆ, ಏನು ಕೊಟ್ಟೆ, ಯಾಕೆ ಕಳಿಸ್ತಿದ್ದೀನಿ. ರಾತ್ರಿ ಎರಡು ಗಂಟೆಗೆ ಆಂಬುಲೆನ್ಸಿನ ಬಾಗಿಲು ತೆಗೆಯೋ ಡ್ಯೂಟಿ ಡಾಕ್ಟರ್‌ಗೆ ಅದನ್ನು ಓದೋಕೆ ಸಿಗೋದು ಅರ್ಧ ನಿಮಿಷ. ನಾಲ್ಕು ಪುಟ ಬರೆದು ಅಭ್ಯಾಸ ಆದ ಕೈಗೆ ಆ ಐದು ಸಾಲು ಇದ್ದಕ್ಕಿದ್ದಂತೆ ಎಲ್ಲಿಂದ ಬರಬೇಕು?

ಅಳತೆ ಅನ್ನೋದು ಸರ್ಜರಿಗೆ ಹೊರಗಿನಿಂದ ತಂದು ಅಂಟಿಸಿದ್ದೂ ಅಲ್ಲ. ಅಪೆಂಡಿಸೈಟಿಸ್ ಗುರುತಿಸೋಕೆ ಅಲ್ವರಾಡೋ ಅನ್ನೋ ಸರ್ಜನ್ 1986ರಲ್ಲಿ ಒಂದು ಸ್ಕೋರ್ ಮಾಡಿದ. ಒಟ್ಟು ಹತ್ತು ಅಂಕ. ನೋವು ಜಾಗ ಬದಲಿಸಿದ್ದಕ್ಕೆ 1, ಹಸಿವಿಲ್ಲದ್ದಕ್ಕೆ 1, ವಾಂತಿಗೆ 1, ಜ್ವರಕ್ಕೆ 1, ಹೀಗೆ. ಆದರೆ ಹೊಟ್ಟೆಯ ಬಲಭಾಗದ ಕೆಳಗೆ ಒತ್ತಿದರೆ ನೋವು ಅನ್ನೋದಕ್ಕೆ 2, ಬಿಳಿ ರಕ್ತಕಣ ಹೆಚ್ಚಾಗಿದ್ದರೆ 2. ಎಲ್ಲ ಲಕ್ಷಣಕ್ಕೂ ಒಂದೇ ತೂಕ ಇಲ್ಲ ಅಂತ ಲೆಕ್ಕದಲ್ಲೇ ಬರೆದಿಟ್ಟಿದ್ದಾನೆ. ಈ ಸ್ಕೋರನ್ನು ಬಾಯಿಪಾಠ ಮಾಡಿ ಬರೆಯೋ ವಿದ್ಯಾರ್ಥಿ, ಅದೇ ಪುಟದಲ್ಲಿ ಅಪೆಂಡಿಕ್ಸಿನ ಭ್ರೂಣಾವಸ್ಥೆಯ ಕಥೆಗೆ ಹತ್ತು ಸಾಲು ಕೊಟ್ಟು ಒತ್ತಿದರೆ ನೋವು ಅನ್ನೋದಕ್ಕೆ ಎರಡು ಪದ ಕೊಡ್ತಾನೆ ಅಂದರೆ, ಅವನು ಸ್ಕೋರ್ ಕಲಿತಿದ್ದಾನೆ, ಅಲ್ವರಾಡೋ ಹೇಳಿದ್ದನ್ನು ಕಲಿತಿಲ್ಲ.

ಇನ್ನೊಂದು ಉದಾಹರಣೆ ನಮ್ಮ ಐಟಿ ಜನಕ್ಕೂ ಇಷ್ಟವಾಗೋದು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಆಪರೇಷನ್ ಥಿಯೇಟರಿಗೆ ಒಂದು ಚೆಕ್‌ಲಿಸ್ಟ್ ಕೊಟ್ಟಿತು. ಒಂದೇ ಪುಟ, 19 ಅಂಶ. ಪೇಷಂಟ್ ಇವರೇನಾ, ಯಾವ ಭಾಗಕ್ಕೆ ಆಪರೇಷನ್, ಅಲರ್ಜಿ ಇದೆಯಾ, ಕೊನೇಲಿ ಸೂಜಿ ಬಟ್ಟೆ ಎಲ್ಲ ಎಣಿಸಿದಿರಾ, ಹೀಗೆ. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಅದನ್ನು ಬಳಸಿ ನೋಡಿದ ಅಧ್ಯಯನ 2009ರಲ್ಲಿ ಬಂತು. ಅಲ್ಲಿ ಸಾವಿನ ಪ್ರಮಾಣ ಶೇಕಡ 1.5ರಿಂದ 0.8ಕ್ಕೆ ಇಳಿದಿತ್ತು. ಅದರಲ್ಲಿ ಹೊಸ ಔಷಧಿ ಇರಲಿಲ್ಲ, ಹೊಸ ಮಷೀನೂ ಇರಲಿಲ್ಲ. ಬೇಕಾದ್ದನ್ನು ಬೇಕಾದಷ್ಟೇ, ಬೇಕಾದ ಕ್ರಮದಲ್ಲಿ ಬರೆದಿದ್ದರು. ಅದನ್ನೇ 190 ಅಂಶದ ಪಟ್ಟಿ ಮಾಡಿದ್ದರೆ ಯಾವ ಥಿಯೇಟರಿನಲ್ಲೂ ಯಾರೂ ಓದ್ತಿರಲಿಲ್ಲ.

ನೀವು ಸಾಫ್ಟ್‌ವೇರಿನವರಾದರೆ ಇದು ನಿಮಗೆ ಚೆನ್ನಾಗಿ ಗೊತ್ತು. ಮಧ್ಯರಾತ್ರಿ ಪ್ರೊಡಕ್ಷನ್ ಬಿದ್ದಾಗ ಬರೋ ಮೇಲಿನಲ್ಲಿ ಮೊದಲ ಮೂರು ಪ್ಯಾರಾ ಸಿಸ್ಟಮ್ಮಿನ ಇತಿಹಾಸ ಇದ್ದರೆ ಕಳಿಸಿದವನಿಗೆ ಏನಂತ ಬೈತೀರಿ ಅಂತ ಇಲ್ಲಿ ಬರೆಯೋ ಹಾಗಿಲ್ಲ. ಅದೇ ಬಾಯಲ್ಲಿ ಊರಿಗೆ ಹೋದಾಗ ತಂಗಿಗೆ "ಪೇಜು ತುಂಬಿಸೇ" ಅಂತ ಹೇಳಿ ಬರ್ತೀರಿ.

ಎರಡನೇ ಗುಂಪಿನವರ ವಾದ ಬೇರೆ. "ಬರೆಯೋ ಪರೀಕ್ಷೆಯೇ ಹಳೇ ಕಾಲದ್ದು. ಮುಂದೆ ಎಲ್ಲ ಬಹು ಆಯ್ಕೆ." ನೀಟ್ ಪಿಜಿ ಈಗಾಗಲೇ ಹಾಗೇ ಇದೆ, 200 ಪ್ರಶ್ನೆ, 210 ನಿಮಿಷ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯಿದೆಯಲ್ಲಿ ನೆಕ್ಸ್ಟ್ ಅನ್ನೋ ಪರೀಕ್ಷೆಯ ಮಾತಿದೆ, ಅದು ಮುಂದಕ್ಕೆ ಹೋಗ್ತಾ ಬಂದಿದೆ. ಬಹು ಆಯ್ಕೆಯ ಮೇಲೆ ನನಗೆ ದ್ವೇಷ ಇಲ್ಲ. ಕೈಬರಹ ನೋಡಲ್ಲ, ಹೆಸರು ನೋಡಲ್ಲ, ಊರು ನೋಡಲ್ಲ, ಹಳ್ಳಿ ಮಕ್ಕಳಿಗೆ ಅದರಿಂದ ಒಳ್ಳೆಯದೂ ಆಗಿದೆ. ಆದರೆ ಅಲ್ಲಿ ಸರಿಯುತ್ತರ ಕಣ್ಣೆದುರಿಗೇ ಇರುತ್ತೆ, ಗುರುತಿಸಿದರೆ ಸಾಕು. ಕ್ಯಾಶುವಾಲ್ಟಿಗೆ ಬರೋ ಪೇಷಂಟಿನ ಹಣೆ ಮೇಲೆ ಎ, ಬಿ, ಸಿ, ಡಿ ಬರೆದಿರಲ್ಲ. ಖಾಲಿ ಹಾಳೆಯ ಮುಂದೆ ಕೂತು ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಬೇಡವೇ ಬೇಡ ಅಂತ ತೀರ್ಮಾನಿಸೋ ಅಭ್ಯಾಸ ಎಂಬಿಬಿಎಸ್‌ನಲ್ಲಿ ಉಳಿದಿರೋದು ಬರೆಯೋ ಪೇಪರಿನಲ್ಲಿ ಮತ್ತು ವೈವಾದಲ್ಲಿ. ಅದನ್ನು ಪುಟ ತುಂಬಿಸಿ ಕೆಡಿಸಿದವರು ನಾವು. ಈಗ ಕೆಟ್ಟಿದೆ ಅಂತ ಹೇಳಿ ಎಸೆಯೋಣ ಅನ್ನೋದು ಯಾವ ನ್ಯಾಯ?

ಮೂರನೇ ಗುಂಪು ನನಗೆ ಹೆಚ್ಚು ಸಿಟ್ಟು ಬರಿಸೋದು. ಹೊಸದುರ್ಗ, ಹೊಳಲ್ಕೆರೆ ಕಡೆಯ ಹುಡುಗರು ಫೇಲಾದರೆ ಇವರ ಹತ್ತಿರ ರೆಡಿ ಉತ್ತರ ಇದೆ: "ಪಾಪ, ಇಂಗ್ಲಿಷ್ ಪ್ರಾಬ್ಲಂ." ಇಂಗ್ಲಿಷ್ ಕಷ್ಟ ಹೌದು. ಮಧ್ಯಪ್ರದೇಶದಲ್ಲಿ 2022ರ ಅಕ್ಟೋಬರಿನಲ್ಲಿ ಹಿಂದಿಯಲ್ಲಿ ಎಂಬಿಬಿಎಸ್ ಪುಸ್ತಕಗಳು ಬಂದವು. ಕನ್ನಡದಲ್ಲೂ ಬರಲಿ, ನಾನೇ ಮೊದಲು ಕೊಳ್ತೀನಿ. ಆದರೆ ಇವತ್ತಿನ ಪರೀಕ್ಷೆಯಲ್ಲಿ ಆ ಇಂಗ್ಲಿಷನ್ನು ಬೆಟ್ಟ ಮಾಡಿಟ್ಟಿರೋದು ಏನು? ಉದ್ದ ಬರೆದವನಿಗೆ ಮಾರ್ಕ್ಸು ಅನ್ನೋದಾದರೆ, ಸುಲಲಿತವಾಗಿ ನಾಲ್ಕು ಪುಟ ಇಂಗ್ಲಿಷ್ ಹರಿಸಬಲ್ಲವನಿಗೆ ಮಾರ್ಕ್ಸು ಅಂತ ಅರ್ಥ. ಕಾನ್ವೆಂಟಿನಲ್ಲಿ ಓದಿದವನಿಗೆ ಅದು ನೀರು ಕುಡಿದ ಹಾಗೆ. ನಮ್ಮ ಹುಡುಗಿ ಒಂದೊಂದು ವಾಕ್ಯ ಕಟ್ಟೋಕೂ ಒದ್ದಾಡ್ತಾಳೆ, ಅವಳ ಒಂದು ಗಂಟೆ ಹತ್ತು ನಿಮಿಷ ಹೋದದ್ದು ಅಲ್ಲೇ. ಮೂರು ಅಂಕಕ್ಕೆ ಎಂಟು ಸಣ್ಣ ಸಾಲು, ನಂಬರ್ ಹಾಕಿ, ಒಂದೊಂದರಲ್ಲಿ ಒಂದೇ ವಿಷಯ ಅಂತ ಆದರೆ ಅವಳ ಇಂಗ್ಲಿಷ್ ಸಾಲದೇ ಹೋಗೋದೇ ಇಲ್ಲ. ಕೊಡು, ಕೊಡಬೇಡ, ಕಾಯಬೇಡ, ತೆರೆ, ನೋಡು ಅನ್ನೋಕೆ ಎಷ್ಟು ವ್ಯಾಕರಣ ಬೇಕು? ಅಳತೆಯಲ್ಲಿ ಬರೆಯೋದು ಕನ್ನಡ ಮೀಡಿಯಂ ಮಕ್ಕಳಿಗೆ ಸಿಗೋ ರಿಯಾಯಿತಿ ಅಂತ ತಿಳೀಬೇಡಿ. ಎಲ್ಲರನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸೋ ಕ್ರಮ ಅದು.

ಈಗ ಇದನ್ನು ಕಲಿಯೋ ದಾರಿ ಏನಿದೆ? ಸೀನಿಯರ್ ಒಬ್ಬ ಹಾಸ್ಟೆಲಿನಲ್ಲಿ ಹೇಳಿಕೊಟ್ಟರೆ ಉಂಟು. ದುಡ್ಡಿದ್ದರೆ ಆ್ಯಪ್ ಉಂಟು, ಟಾಪರ್ ನೋಟ್ಸ್ ಉಂಟು. ಟಾಪರ್ ನೋಟ್ಸಿನ ಕಷ್ಟ ಏನಂದರೆ, ಉತ್ತರವನ್ನು ಬಾಯಿಪಾಠ ಮಾಡಬಹುದು, ಅಳತೆಯನ್ನು ಬಾಯಿಪಾಠ ಮಾಡೋಕಾಗಲ್ಲ. ಅದೇ ಹರ್ನಿಯಾ ಒಂದು ವರ್ಷ "ವಿಧಗಳನ್ನು ಪಟ್ಟಿ ಮಾಡಿ" ಅಂತ ಬರುತ್ತೆ, ಇನ್ನೊಂದು ವರ್ಷ "ಚಿಕಿತ್ಸೆ ವಿವರಿಸಿ" ಅಂತ. ಮೊದಲನೆಯದಕ್ಕೆ ಅಡಿಪಾಯವಾದದ್ದು ಎರಡನೆಯದಕ್ಕೆ ಕಸ. ಪುಸ್ತಕಗಳೂ ಇದನ್ನು ಹೇಳಿಕೊಡಲ್ಲ, ಹೇಳಿಕೊಡೋದು ಅವುಗಳ ಕೆಲಸವೂ ಅಲ್ಲ. 1932ರಲ್ಲಿ ಮೊದಲು ಬಂದ ಬೈಲಿ ಅಂಡ್ ಲವ್ ಪುಸ್ತಕದ ಹೆಸರೇ ಸರ್ಜರಿಯ ಸಂಕ್ಷಿಪ್ತ ಅಭ್ಯಾಸ ಅನ್ನೋ ಅರ್ಥದ್ದು, ಈಗ ಅದು 1500 ಪುಟ ದಾಟಿದೆ. ನಮ್ಮ ಮಂಗಳೂರಿನ ಡಾ. ಶ್ರೀರಾಮ ಭಟ್ಟರ ಎಸ್‌ಆರ್‌ಬಿ ಮ್ಯಾನುಯಲ್ಲನ್ನು ದೇಶದ ಉದ್ದಗಲಕ್ಕೂ ಮಕ್ಕಳು ಓದ್ತಾರೆ, ಅದೂ ಎರಡು ಕೈಯಲ್ಲಿ ಎತ್ತೋವಷ್ಟಿದೆ. ಸಾವಿರ ಪುಟದಿಂದ ಎಂಟು ಸಾಲು ಆರಿಸೋದು ಓದುವವಳ ಕೆಲಸ. ಆರಿಸೋದನ್ನು ಕಲಿಸೋದು ಕಲಿಸುವವರ ಕೆಲಸ.

ಅದಕ್ಕೆ ನನ್ನ ಬೇಡಿಕೆ ದೊಡ್ಡದೇನಲ್ಲ. ವಾರಕ್ಕೆ ಒಂದು ಗಂಟೆ. ಐದು ಅಂಕದ ಒಂದು ಪ್ರಶ್ನೆ, ಎಂಟು ನಿಮಿಷ, ಗಂಟೆ ಹೊಡೆದ ಕೂಡಲೇ ಪೆನ್ನು ಕೆಳಗೆ. ಆಮೇಲೆ ಪಕ್ಕದವರ ಜೊತೆ ಹಾಳೆ ಬದಲಾಯಿಸಿಕೊಂಡು, ಯಾವ ಅಂಶಕ್ಕೆ ಎಷ್ಟು ಅಂಕ ಅಂತ ಮೇಷ್ಟ್ರು ಬೋರ್ಡಿನ ಮೇಲೆ ಬರೆದು ತೋರಿಸಬೇಕು. ಕಾಲಂದಶ ಅಂಕ ಅನಾಟಮಿಗಾದರೆ ಅಷ್ಟೇ ಸಾಲು ಅನಾಟಮಿಗೆ. ಇಷ್ಟಕ್ಕೆ ಲ್ಯಾಬ್ ಬೇಡ, ಬಜೆಟ್ ಬೇಡ, ಕಪ್ಪು ಹಲಗೆ ಸಾಕು. ಅಂಕ ಹಂಚಿಕೆಯ ಪಟ್ಟಿ ಪರೀಕ್ಷೆ ತಿದ್ದುವವರ ಕೈಯಲ್ಲಿದ್ದರೆ ಸಾಲದು, ಹಳೇ ಪ್ರಶ್ನೆಪತ್ರಿಕೆಯ ಜೊತೆಗೇ ಪ್ರತಿ ವಿದ್ಯಾರ್ಥಿಯ ಕೈಗೂ ಸಿಗಬೇಕು. ಕಂಪ್ಯೂಟರ್ ಪರದೆ ಮೇಲೆ ಒಂದಾದಮೇಲೊಂದು ಹಾಳೆ ಓದೋ ಮೌಲ್ಯಮಾಪಕರಿಗೂ ಇದರಿಂದ ಪುಣ್ಯ. ಏಳು ಸುತ್ತು ದಾಟಿ ಉತ್ತರ ಹುಡುಕೋ ಕಷ್ಟ ತಪ್ಪುತ್ತೆ.

ಚಿತ್ರದುರ್ಗದಲ್ಲಿ ಬಸವೇಶ್ವರ ವೈದ್ಯಕೀಯ ಕಾಲೇಜು ಮೊದಲಿನಿಂದ ಇತ್ತು, 2023ರಲ್ಲಿ ಸರ್ಕಾರಿ ಕಾಲೇಜೂ ಶುರುವಾಯ್ತು. ಆ ವರ್ಷ ಸೇರಿದವರು ನಾಲ್ಕೂವರೆ ವರ್ಷದ ಕೋರ್ಸಿನ ಕೊನೆಗೆ ಸರ್ಜರಿ ಪೇಪರ್ ಬರೀತಾರೆ. ಅದಾದ ಮೇಲೆ ಒಂದು ವರ್ಷ ಇಂಟರ್ನ್‌ಶಿಪ್, ಆಮೇಲೆ ಅವರಲ್ಲಿ ಕೆಲವರಾದರೂ ಇದೇ ಜಿಲ್ಲೆಯ ಯಾವುದೋ ಕ್ಯಾಶುವಾಲ್ಟಿಯಲ್ಲಿ ರಾತ್ರಿ ಡ್ಯೂಟಿಗೆ ಕೂರ್ತಾರೆ. ಅಲ್ಲಿಗೆ ಬರೋ ಪೇಷಂಟುಗಳು ಯಾರು? ಬೆಂಗಳೂರಲ್ಲಿ ಕೂತು ಇದನ್ನು ಓದ್ತಿರೋ ನಿಮ್ಮ ನಮ್ಮ ಅಪ್ಪ ಅಮ್ಮಂದಿರು. ತೆಂಗಿನಕಾಯಿ ಮೂಟೆ ಎತ್ತಿ ತೊಡೆಸಂದಿನಲ್ಲಿ ಗಂಟು ಬಂದರೂ ಆರು ತಿಂಗಳು ಯಾರಿಗೂ ಹೇಳದೆ ಪಂಚೆಯೊಳಗೆ ಮುಚ್ಚಿಟ್ಟುಕೊಳ್ಳೋ ಜನ ಅವರು. ಗಂಟು ಕಲ್ಲಾಗಿ, ವಾಂತಿ ಶುರುವಾದ ಮೇಲೇ ಗಾಡಿ ಹತ್ತೋದು. ಅವರ ಹತ್ತಿರ ಆಗ ಪುಟಗಟ್ಟಲೆ ಸಮಯ ಇರಲ್ಲ.

ಆದ್ದರಿಂದ ಈ ಸಲ ಊರಿಗೆ ಹೋದಾಗ, ಮೆಡಿಕಲ್ ಓದೋ ತಮ್ಮನೋ ತಂಗಿಯೋ ಇದ್ದರೆ, ಇನ್ನೊಂದು ದಪ್ಪ ಪುಸ್ತಕ ಕೊಡಿಸಬೇಡಿ. ನಿಮ್ಮ ಫೋನಿನಲ್ಲಿ ಟೈಮರ್ ಇದೆಯಲ್ಲ, ಅದನ್ನು ಎಂಟು ನಿಮಿಷಕ್ಕೆ ಇಟ್ಟು ಎದುರಿಗೆ ಕೂತುಕೊಳ್ಳಿ. ಬರೆದಾದ ಮೇಲೆ ನಿಮಗೆ ಅರ್ಥವಾಗದ ಪದಗಳನ್ನು ಬಿಟ್ಟುಬಿಡಿ. ಪ್ರಶ್ನೆ ಏನು ಕೇಳಿತ್ತು ನೋಡಿ, ಅದರ ಉತ್ತರ ಎಷ್ಟನೇ ಸಾಲಿನಲ್ಲಿ ಶುರುವಾಗಿದೆ ಎಣಿಸಿ. ನಮ್ಮ ಹುಡುಗಿಯ ಹರ್ನಿಯಾ ಉತ್ತರದಲ್ಲಿ ಅದು 68ನೇ ಸಾಲಿನಲ್ಲಿತ್ತು. ಈಗ ಮೂರನೇ ಸಾಲಿಗೆ ಬಂದಿದೆ.